ಅಳತೆಯ ಸ್ಟಿಕ್ಕು, ಅಮ್ಮನ ಕೈ

ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ನಿವೃತ್ತಿಯಾಗುವವರೆಗೂ ಡ್ರಿಲ್ ಟೀಚರ್ ಆಗಿದ್ದವಳು ನಾನು. ಬ್ಯಾಟು ಸರಿಯಿಲ್ಲ ಮಿಸ್, ಬಾಲು ಸರಿಯಿಲ್ಲ ಮಿಸ್ ಎಂದು ಯಾವ ಹುಡುಗಿಯಾದರೂ ರಾಗ ಎಳೆದರೆ ನನ್ನ ಬಾಯಲ್ಲಿ ಒಂದೇ ಉತ್ತರ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ನೆಲಡೊಂಕು ಮಿಸ್’ ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ.

ನಿವೃತ್ತಿಯ ಮೇಲೆ ನಾನೂ ನಮ್ಮೆಜಮಾನರೂ ಚಿಕ್ಕಬಳ್ಳಾಪುರದ ಮನೆಯಿಂದ ಬೆಳಿಗ್ಗೆ ಬೇಗ ಹೊರಟು ನಂದಿ ಬೆಟ್ಟದ ಕಡೆಯ ಗಾಲ್ಫ್ ಮೈದಾನಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡೆವು. ಕಾಲೇಜಿನಲ್ಲಿ ಹಾಕಿ ಆಡಿದ ಕೈ ನನ್ನದು, ಬೇಗ ಕುದುರಿತು. “ಏನ್ ಮಿಸ್, ಈ ವಯಸ್ಸಲ್ಲಿ ಚಿನ್ನಿದಾಂಡು ಆಡಕ್ಕೋಗ್ತೀರಂತೆ?” ಎಂದು ಪಕ್ಕದ ಮನೆಯಾಕೆ ಕಿಚಾಯಿಸುವಳು. “ಹೂಂ ಕಣಮ್ಮ, ನೀನೂ ಬಾ, ಸೊಂಟನೋವು ಹೋಗುತ್ತೆ” ಎನ್ನುತ್ತಿದ್ದೆ.

ನನ್ನ ಸ್ಟಿಕ್ಕುಗಳು ಯಾರೋ ಗಂಡಸರು ಆಡಿ ಬಿಟ್ಟ ಹಳೇ ಸೆಟ್ಟು. ನಾನು ಕುಳ್ಳಿ. ಹಿಡಿಯನ್ನು ಬಿಟ್ಟು ಕೆಳಗೆ ಹಿಡಿದು ಹೇಗೋ ಹೊಂದಿಸಿಕೊಂಡಿದ್ದೆ. “ಸಾಕು ಕಣೇ, ಇನ್ನೊಬ್ಬರ ಕೋಲಲ್ಲಿ ಆಡಿದ್ದು. ನಿನ್ನ ಅಳತೆಗೇ ಮಾಡಿಸಣ” ಎಂದು ನಮ್ಮೆಜಮಾನರು ಹಟ ಹಿಡಿದರು. ದೇವನಹಳ್ಳಿಯ ಕಡೆ ಹೊಸದಾಗಿ ಶುರುವಾಗುತ್ತಿದ್ದ ಅಂಗಡಿಗೆ ಕರೆದುಕೊಂಡು ಹೋದರು. ನಾವು ಹೋದದ್ದು ಅಂಗಡಿ ಪೂಜೆಯ ದಿನವೇ. ಬಾಗಿಲಿಗೆ ಮಾವಿನ ತೋರಣ, ಹೊಸಿಲಿಗೆ ರಂಗೋಲಿ, ಒಳಗೆ ಹೋಮದ ಹೊಗೆ ಇನ್ನೂ ಆರಿರಲಿಲ್ಲ. ಎಲ್ಲರ ಹಾಗೆ ನಾವೂ ಹೊರಗೆ ಕಾಲುಮೆಟ್ಟು ಬಿಟ್ಟು ಒಳಗೆ ಹೋದೆವು. ಅಂಗಡಿಯವರು ಪ್ರಸಾದ ಕೊಟ್ಟು, ಮೊದಲ ಬೋಣಿ ನಿಮ್ಮದೇ ಆಗಲಿ ಅಮ್ಮ ಎಂದು ಟೇಪು ಹಿಡಿದು ಮಣಿಕಟ್ಟಿನಿಂದ ನೆಲದವರೆಗೆ ಅಳೆದರು. ಹಸಿರು ಹಾಸಿನ ಮೇಲೆ ನಿಲ್ಲಿಸಿ ಹೊಡೆಸಿದರು. ಚೆಂಡು ಹೋಗಿ ಪರದೆಗೆ ಠಪ್ಪೆಂದು ಬಡಿಯುತ್ತಿತ್ತು. ಅಷ್ಟು ಚೆನ್ನಾಗಿ ನಾನು ಎಂದೂ ಹೊಡೆದಿರಲಿಲ್ಲ.

ಸೆಟ್ಟು ಬಂದ ಮೇಲೆ ಹಳೆಯದನ್ನು ಹೊಸದಾಗಿ ಆಟ ಕಲಿಯುತ್ತಿದ್ದ ಪರಿಚಯದವರಿಗೆ ಕೊಟ್ಟುಬಿಟ್ಟೆ. ಶುರುವಾಯಿತು ನೋಡಿ ಗ್ರಹಚಾರ. ಮೈದಾನದಲ್ಲಿ ಚೆಂಡು ಏಳಲೇ ಇಲ್ಲ. ಬೀಸಿದಾಗಲೆಲ್ಲ ಸ್ಟಿಕ್ಕು ಚೆಂಡಿನ ನೆತ್ತಿ ಸವರಿ ಹೋಗುವುದು, ಚೆಂಡು ಹುಲ್ಲಿನಲ್ಲಿ ಇಲಿಯ ಹಾಗೆ ಓಡಿ ಎದುರಿಗೇ ನಿಲ್ಲುವುದು. “ಹೊಸದು, ಕೈಗೆ ಕೂರ್ಬೇಕು” ಎಂದರು ನಮ್ಮೆಜಮಾನರು. ವಾರಗಟ್ಟಲೆ ಕೂರಿಸಿದೆ. ಕೂರಲಿಲ್ಲ. ಬಗ್ಗಿ ಹೊಡೆದರೆ ಬೆನ್ನು ಹಿಡಿಯಿತು, ಬಿಗಿಯಾಗಿ ಹಿಡಿದರೆ ಬೆರಳು ನಡುಗಿತು.

ಸ್ಟಿಕ್ಕಿನ ಮೇಲೆ ತಪ್ಪು ಹೊರಿಸುವ ಹಾಗೇ ಇರಲಿಲ್ಲ. ನನ್ನ ಮೈಗೇ ಅಳೆದು ಮಾಡಿದ್ದು, ಅಂಗಡಿಯಲ್ಲಿ ನಾನೇ ಹೊಡೆದು ನೋಡಿದ್ದು. ಜೀವಮಾನವೆಲ್ಲ ಮಕ್ಕಳಿಗೆ ಹೇಳಿದ ಗಾದೆ ಈಗ ನನ್ನ ಕಡೆಗೇ ತಿರುಗಿ ನಿಂತಿತ್ತು. ನೆಲ ಡೊಂಕಿಲ್ಲ ಅಂದರೆ ಕುಣಿಯುವವಳದೇ ಏನೋ ಕೆಟ್ಟಿದೆ. ನಡುಗುವ ಬೆರಳು ನೋಡಿದಾಗಲೆಲ್ಲ ಅಮ್ಮ ನೆನಪಾಗುತ್ತಿದ್ದಳು.

ಕೆಂಚಾರ್ಲಹಳ್ಳಿಯ ನಮ್ಮ ತವರಿನಲ್ಲಿ ರೇಷ್ಮೆ ಸಾಕುತ್ತಿದ್ದೆವು. ಹುಳು ಹಣ್ಣಾದ ದಿನ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಹಾಳು. ಆ ಕೆಲಸದಲ್ಲಿ ಅಮ್ಮನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಅವಳಿಗೆ ಅರವತ್ತರ ಹತ್ತಿರವಾದಾಗ ಇದ್ದಕ್ಕಿದ್ದಂತೆ ಕೈ ನಡುಗತೊಡಗಿತು. ಹುಳುಗಳು ಬೆರಳಿನಿಂದ ಜಾರಿ ನೆಲಕ್ಕೆ ಬೀಳುತ್ತಿದ್ದವು. ಒಂದು ಬೆಳೆಯಲ್ಲಿ ಅರ್ಧ ಕೆಲಸಕ್ಕೇ ಹೊರಗೆ ಬಂದು, “ನನ್ ಕೈ ಹೋಯ್ತು ಕಣ್ರಮ್ಮ” ಎಂದು ಜಗಲಿಯ ಮೇಲೆ ಕೂತಳು. ಮತ್ತೆ ಹುಳು ಮನೆಯೊಳಕ್ಕೆ ಕಾಲಿಡಲಿಲ್ಲ. ಈಗ ನನಗೂ ಅದೇ ವಯಸ್ಸು. ಅಮ್ಮನ ಕೈ ನನಗೂ ಬಂತು ಎಂದುಕೊಂಡೆ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಇವತ್ತು ಚೆಂಡು, ನಾಳೆ ಕಾಫಿ ಲೋಟ, ನಾಡಿದ್ದು ಸೀರೆಯ ನೆರಿಗೆ. ಬೆನ್ನುನೋವಿನ ನೆಪ ಹೇಳಿ ಮೈದಾನಕ್ಕೆ ಹೋಗುವುದನ್ನೇ ಬಿಟ್ಟೆ. ಸ್ಟಿಕ್ಕುಗಳು ಕಾರಿನ ಡಿಕ್ಕಿಯಲ್ಲೇ ಬಿದ್ದಿದ್ದವು.

ಸುಗ್ಗಿಯ ಹೊತ್ತಿಗೆ ತೊಂಡೇಬಾವಿಯಲ್ಲಿರುವ ತಂಗಿಯ ಮನೆಗೆ ನಾನೊಬ್ಬಳೇ ಹೋದೆ. ಹೊಲದಲ್ಲಿ ನಡೆಯಲು ಅನುಕೂಲವೆಂದು ಗಾಲ್ಫ್ ಶೂಗಳನ್ನೇ ಹಾಕಿಕೊಂಡಿದ್ದೆ. ಡಿಕ್ಕಿಯಲ್ಲಿ ಸ್ಟಿಕ್ಕು ನೋಡಿ ತಂಗಿ ಬಿಡಲಿಲ್ಲ.

“ಅದೇನ್ ಆಟಾನೋ ಹೊಡದ್ ತೋರ್ಸಕ್ಕ.”

“ನನ್ ಕೈಲಾಗಲ್ಲ ಬಿಡೇ. ಅಮ್ಮನ ಕೈ ಬಂದೈತೆ ನಂಗೆ.”

“ಥೂ, ಬಿಡ್ತು ಅನ್ನು! ಎದ್ದು ಹೊಡಿ.”

ಊರಿನವರೆಲ್ಲ ಈಗ ರಾಗಿಯನ್ನು ಡಾಂಬರು ರಸ್ತೆಗೆ ಹಾಕುತ್ತಾರೆ, ಓಡಾಡುವ ಗಾಡಿಗಳು ತುಳಿದುಕೊಡುತ್ತವೆ. ನನ್ನ ತಂಗಿ ಮಾತ್ರ ಇನ್ನೂ ಸಗಣಿ ಸಾರಿಸಿ ಕಣ ಮಾಡುತ್ತಾಳೆ. ಸಮತಟ್ಟಾದ ಜಾಗ ಅದೊಂದೇ. ನಾನು ಕಣಕ್ಕೆ ಕಾಲಿಡುವಷ್ಟರಲ್ಲಿ ಕೂಗಿದಳು: “ಅಕ್ಕಾ, ಮೆಟ್ಟು! ಕಣದೊಳಕ್ಕೆ ಮೆಟ್ಟು ಹಾಕ್ಕೊಂಡು ಬರ್ತಾರಾ ಯಾರಾದ್ರೂ? ಮಿಸ್ ಆಗಿದ್ಳಂತೆ ಇವ್ಳು!” ಶೂ ಬಿಚ್ಚಿ ಕಣದಾಚೆ ಇಟ್ಟೆ. ಸಗಣಿ ಕಿತ್ತೀಯ ಎಂದು ಅವಳೇ ಒಂದು ಗೋಣಿಚೀಲ ಹಾಸಿದಳು. ಅದರ ಮೇಲೆ ಚೆಂಡಿಟ್ಟು ಬೇಸರದಿಂದಲೇ ಬೀಸಿದೆ.

ಚೆಂಡು ಎದ್ದು, ಕೊಯ್ದ ರಾಗಿ ಹೊಲವನ್ನೆಲ್ಲ ದಾಟಿ, ಆಚೆಯ ಹೊಂಗೆ ಮರದ ಹತ್ತಿರ ಬಿತ್ತು. “ಔನಾ? ಇದೇನಾ ಆಗ್ದಿರೋ ಕೈ?” ಎಂದಳು ತಂಗಿ. ಇನ್ನೊಂದು ಹೊಡೆದೆ. ಅದೂ ಅಲ್ಲಿಗೇ ಹೋಯಿತು. ಕಣದಿಂದ ಇಳಿದು ಶೂ ಹಾಕಿಕೊಂಡು, ಗಟ್ಟಿ ನೆಲ ಹುಡುಕಿ ಹೊಡೆದೆ. ಅದೇ ಇಲಿ ಓಟ. ಶೂ ಬಿಚ್ಚಿ ಅಲ್ಲೇ ಹೊಡೆದೆ. ಚೆಂಡು ಹಾರಿತು. ಆಗ ಕೈಯಲ್ಲಿದ್ದ ಶೂ ತಿರುಗಿಸಿ ನೋಡಿದೆ. ಅಟ್ಟೆ ಎರಡು ಬೆರಳು ದಪ್ಪ. ಪೂಜೆಯ ದಿನ ನಾವೆಲ್ಲ ಬರಿಗಾಲಲ್ಲಿದ್ದೆವು. ಅಳೆದವರೂ, ಅಳೆಸಿಕೊಂಡವಳೂ. ಬರಿಗಾಲಿನ ಅಳತೆಗೆ ಮಾಡಿದ ಸ್ಟಿಕ್ಕನ್ನು ನಾನು ಶೂ ಮೇಲೆ ನಿಂತು ಬೀಸುತ್ತಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ನಗು ಬಂತು, ನಗುತ್ತಲೇ ಅಳುವೂ ಬಂತು. ಬದುವಿನ ಮೇಲೆ ಕೂತು ಕೈ ಎರಡನ್ನೂ ಮುಂದೆ ಚಾಚಿ ನೋಡಿದೆ. ಬೆರಳುಗಳು ನೆಟ್ಟಗೇ ಇದ್ದವು.

“ಅಮ್ಮನ ಹಾಗೆ ನನ್ ಕೈನೂ ಹೋಯ್ತು ಅಂತ ಎಷ್ಟ್ ಹೆದರಿದ್ದೆ ಗೊತ್ತೇನೆ?” ಎಂದೆ.

ತಂಗಿ ಗೋಣಿಚೀಲ ಕೊಡವಿ ಮಡಚುತ್ತಿದ್ದಳು. “ಅಮ್ಮಂಗೆ ಕೈಯೆಲ್ಲಿ ಹೋಗಿತ್ತಕ್ಕ? ಕೊನೇ ಮೂರ್ ವರ್ಷ ನನ್ನ ಹತ್ರ ಇದ್ಳಲ್ಲ. ದಿನಾ ಕೂತು ಮಲ್ಲಿಗೆ ಮೊಗ್ಗು ಕಟ್ಟೋಳು. ನೀನೂ ಮುಡ್ಕೊಂಡು ಹೋಗ್ತಿದ್ದೆ. ಆ ಹೂವಲ್ಲಿ ಒಂದ್ ಗಂಟಾದ್ರೂ ಸಡಿಲ ಇತ್ತಾ?”

ಇರಲಿಲ್ಲ.

“ಅವಳ ಕೈ ನಡುಗಿದ್ದು ಅಪ್ಪ ಹುಳದ ತಟ್ಟೆಗಳಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡ್ಸಿದ್ ವರ್ಷ. ಅದಕ್ಕೆ ಮುಂಚೆ ತಟ್ಟೆ ನೆಲದ್ ಮೇಲಿರ್ತಿತ್ತು, ಅಮ್ಮ ಕೂತ್ಕೊಂಡು ಆರ್ಸೋಳು. ಸ್ಟ್ಯಾಂಡು ಅಪ್ಪನ ಎತ್ತರಕ್ಕೆ ಮಾಡ್ಸಿದ್ದು. ಅವಳು ನಿನ್ ಥರಾನೇ ಕುಳ್ಳಿ. ದಿನವೆಲ್ಲ ಕೈ ಮೇಲೆತ್ಕೊಂಡು ಆರ್ಸಿದ್ರೆ ಯಾರ್ ಕೈ ತಾನೇ ನಡುಗಲ್ಲ?”

ತನ್ನ ಕೈ ಹೋಯಿತೆಂದೇ ನಂಬಿಕೊಂಡು ಅಮ್ಮ ಹೋದಳು. ನಾವೂ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗಿದ್ದೆವು.

ಮರುವಾರ ಅಂಗಡಿಗೆ ಹೋಗಿ ಸ್ಟಿಕ್ಕುಗಳನ್ನು ಉದ್ದ ಮಾಡಿಸಿದೆ. “ಅಯ್ಯೋ, ಅವತ್ತು ಪೂಜೆ ಇತ್ತಲ್ವಾ ಅಮ್ಮ!” ಎಂದು ಅಂಗಡಿಯವರು ತಲೆ ಮೇಲೆ ಕೈ ಇಟ್ಟುಕೊಂಡರು. ಈಗ ಚೆಂಡು ಏಳುತ್ತದೆ. ನಮ್ಮೆಜಮಾನರು, ಹೇಳಿರಲಿಲ್ವಾ ಕೈಗೆ ಕೂರುತ್ತೆ ಅಂತ, ಎಂದು ಬೀಗುತ್ತಾರೆ. ಬೀಗಲಿ. ಶೂ ಬಿಚ್ಚಿದ್ದಕ್ಕೆ ನನ್ನ ಕೈ ನನಗೆ ವಾಪಸು ಬಂತು. ಅಮ್ಮನಿಗೆ ಕಾಲಡಿಗೆ ಒಂದು ಮಣೆ ಹಾಕಿಕೊಟ್ಟಿದ್ದರೆ ಸಾಕಿತ್ತು.