ಕುಬಿಹಾಳ ದಾಟಿದ ನೀಲವ್ವತ್ತಿ

ನೀಲವ್ವತ್ತಿಯ ಲೆಕ್ಕದಲ್ಲಿ ಆಟದ ಹಲಗೆಯ ಮೇಲಿನ ಆಸ್ಟ್ರೇಲಿಯಾದ ಹೆಸರು ನಮ್ಮೂರು ಯರಗುಪ್ಪಿ. ಯುರೋಪು ಹುಬ್ಬಳ್ಳಿ, ಯಾಕೆಂದರೆ ಅಲ್ಲಿಗೆ ಎಲ್ಲ ಕಡೆಯಿಂದಲೂ ಜನ ನುಗ್ಗುತ್ತಾರೆ. ಯರಗುಪ್ಪಿಯಿಂದ ಹೊರಬೀಳುವ ಒಂದೇ ದಾರಿಗೆ ಹತ್ತಿದ ದೇಶ ಕುಬಿಹಾಳ. ಉಳಿದ ಜಗತ್ತನ್ನೆಲ್ಲ "ಆಕಡಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಯರಗುಪ್ಪಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಗಂಡ ಹುಬ್ಬಳ್ಳಿಯಿಂದ ಒಂದು ಆಟದ ಡಬ್ಬಿ ತಂದಿದ್ದರು. ಜಗತ್ತಿನ ನಕಾಶೆಯ ಹಲಗೆ, ದಾಳ, ಸೈನ್ಯವೆಂದು ಇಡುವ ಬಣ್ಣದ ಕಟ್ಟಿಗೆಯ ತುಂಡುಗಳು. ಸರದಿ ಬಂದಾಗೊಮ್ಮೆ ಒಂದಿಷ್ಟು ಹೊಸ ತುಂಡು ಸಿಗುತ್ತವೆ; ದಾಳ ಹಾಕಿ ದೇಶ ಗೆಲ್ಲುತ್ತ ಇಡೀ ಜಗತ್ತು ಹಿಡಿದವರದು ಆಟ. ಗಂಡನಿಗೆ ಬೇಗನೆ ಬೇಸರ ಬಂತು. ಹಲಗೆಯನ್ನು ಎತ್ತಿಟ್ಟುಕೊಂಡವರು ಮಾವನವರ ಅಕ್ಕ ನೀಲವ್ವತ್ತಿ. ತಮ್ಮ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡನೆಂದು ಹರೆಯದಲ್ಲೇ ಕುಬಿಹಾಳದಿಂದ ತವರಿಗೆ ಬಂದವರು, ಆಮೇಲೆ ಊರಿನ ಎಲ್ಲೆ ದಾಟಿರಲಿಲ್ಲ. ಆದರೆ ಮನೆಯ ಹೊಲ ಅವರು ಹೇಳಿದಂತೆ ನಡೆಯುತ್ತಿತ್ತು. ಮಾವನವರು ಅಕ್ಕನ ಮಾತು ತೆಗೆದುಹಾಕಿದ್ದನ್ನು ನಾನು ಕಾಣೆ.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನಮ್ಮಿಬ್ಬರ ಆಟ. ಒಂದು ಆಟ ವಾರಗಟ್ಟಲೆ ನಡೆಯುವುದು. "ನಿಮ್ಮವ್ವನ ಮಣಕಾಲ ಬ್ಯಾನಿ ಹ್ಯಾಂಗೈತಿ?" ಎಂದು ಕೇಳುತ್ತಲೇ ನನ್ನದೊಂದು ದೇಶ ನುಂಗಿರುತ್ತಿದ್ದರು. ಬದು ಕೆತ್ತಿ ವರ್ಷಕ್ಕೊಂದು ಸಾಲು ಒತ್ತುವ ಬಾಜೂ ಹೊಲದವರ ಜೊತೆ ಜೀವಮಾನವೆಲ್ಲ ಗುದ್ದಾಡಿದ ಹೆಂಗಸು. ಆ ವಿದ್ಯೆಯನ್ನೆಲ್ಲ ನನ್ನ ಮೇಲೆ ಪ್ರಯೋಗಿಸಿದರು. ಕುಬಿಹಾಳವೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಉಳಿದದ್ದೆಲ್ಲ ಕೈಗೆ ಬಂದರೆ ಗೆದ್ದೆ ಎನ್ನುವರು. ನಾನೋ, ಎದುರಿಗೆ ದುರ್ಬಲ ದೇಶ ಕಂಡರೆ ಸಾಕು, ಹಿಂದೆ ಒಂದೊಂದೇ ತುಂಡು ಬಿಟ್ಟು ಓಡುವವಳು.

"ಹೊಲಾ ಎಷ್ಟ ಐತಿ ಅಂತ ಆಮ್ಯಾಲೆ ನೋಡವಾ," ಎನ್ನುವರು. "ಬದು ಎಷ್ಟ ಕಾಯಬೇಕು, ಅದನ್ನ ಮೊದಲ ನೋಡು."

ಸೋಮವಾರ ಮಾತ್ರ ಅವರು ಯುದ್ಧ ಮಾಡುತ್ತಿರಲಿಲ್ಲ. ನಮ್ಮಲ್ಲಿ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸೈನ್ಯಕ್ಕೂ ಅದೇ ಸೂಟಿ ಎಂಬುದು ಅವರೇ ಮಾಡಿದ ಕಾನೂನು. ತಮಗೆ ಬಂದ ತುಂಡುಗಳನ್ನು ಯರಗುಪ್ಪಿಯ ಬಾಗಿಲಲ್ಲಿ ಪೇರಿಸಿ ಸುಮ್ಮನೆ ಕೂಡುವರು. ಆ ಕಾನೂನು ನನಗಿಲ್ಲವೆಂದು ನಾನು ಸೋಮವಾರವೇ ಜೋರು ಮಾಡಿ, ಮಂಗಳವಾರ ಪೆಟ್ಟು ತಿನ್ನುತ್ತಿದ್ದೆ.

ನನಗೆ ಧಾರವಾಡದಲ್ಲಿ ಬಿ.ಎಡ್. ಮಾಡುವ ಆಸೆ ಬಹಳ ಇತ್ತು. ಮನೆಯ ಸೊಸೆ ಹಾಸ್ಟೆಲಿನಲ್ಲಿರುವುದೇ ಎಂದು ಮಾವನವರು ಮಾತು ಮುಗಿಸಿದ್ದರು, ಗಂಡ ಎದ್ದು ಹೊಲದ ಕಡೆ ಹೋದರು. ಒಂದು ಮಧ್ಯಾಹ್ನ ಆಟದ ನಡುವೆ ಕಣ್ಣೀರು ತಡೆಯದೆ ಅದನ್ನೆಲ್ಲ ಹೇಳಿಕೊಂಡೆ. ನೀಲವ್ವತ್ತಿ ದಾಳ ಕೆಳಗಿಟ್ಟರು.

"ನನ್ನ ಸೋಲಸು. ನಿಮ್ಮ ಮಾವ ಬಸಣ್ಣಗ ನಾ ಹೇಳತೇನಿ."

"ಆಟಕ್ಕೂ ಇದಕ್ಕೂ ಏನ್ರಿ ಅತ್ತಿ?"

"ನೀ ಕಣ್ಣಿಗೆ ಕಂಡಲ್ಲಿ ಓಡಾಕಿ. ನಾಳೆ ಹಾಸ್ಟೆಲ್‌ನಿಂದ ಅಳಕೋತ ತಿರಗಿ ಬಂದ್ರ, ಈ ಮನ್ಯಾಗಿಂದ ಮತ್ತ ಯಾವ ಸೊಸಿನ್ನೂ ಕಳಸೂದಿಲ್ಲ. ತಡಕೊಂಡ ಕುಂಡ್ರೂದು ಕಲಿ."

ಜೋಳದ ಸುಗ್ಗಿ ಮುಗಿಯಿತು, ಬಿಸಿಲು ಏರಿತು, ನಾನು ಸೋಲುತ್ತಲೇ ಇದ್ದೆ. ಬೇಸಿಗೆಯ ಒಂದು ಸೋಮವಾರ, ಎದುರಿಗೆ ಸುಲಭದ ದೇಶಗಳಿದ್ದರೂ ನಾನು ದಾಳ ಮುಟ್ಟಲಿಲ್ಲ. ಬಂದ ತುಂಡುಗಳನ್ನೆಲ್ಲ ಕುಬಿಹಾಳದಲ್ಲಿಟ್ಟೆ. ಅತ್ತಿ ನನ್ನ ಮುಖ ನೋಡಿದರು. ಅವ್ವನ ಮಣಕಾಲ ವಿಚಾರ ಕೇಳಲಿಲ್ಲ. ಮರುದಿನವೂ ನಾನು ಬದು ಕಾದೆ, ಅದರ ಮರುದಿನವೂ. ನನ್ನ ಸೈನ್ಯ ಬೆಳೆಯುತ್ತ ಹೋಯಿತು. ಅವರಿಗೆ ಇದ್ದ ಒಂದೇ ದಾರಿಯಲ್ಲಿ ನಾನು ಕೂತಿದ್ದೆ. ವಾರದ ಕೊನೆಗೆ ದಾಳ ಹಾಕಿದೆ. ಯರಗುಪ್ಪಿ ಬಿತ್ತು, ಆಟ ನನ್ನದಾಯಿತು.

ಅತ್ತಿ ಹಲಗೆಯ ಆ ಮೂಲೆಯಿಂದ ತಮ್ಮ ತುಂಡುಗಳನ್ನು ಎತ್ತಿಕೊಂಡರು.

"ಒಳಗ ಬರೂ ದಾರೀನ ಹೊರಗ ಹೋಗೂ ದಾರಿ," ಎಂದರು. "ಇಷ್ಟ ವರ್ಷ ನಾ ಬರಾವರನ್ನಷ್ಟ ಕಾದೆ ನೋಡವಾ."

ಅವತ್ತು ಮಾವನವರಿಗೆ ರೊಟ್ಟಿ ಬಡಿಸುತ್ತ, ಮಳೆ ಹಿಡಿದ ಮೇಲೆ ಈಕೆ ಧಾರವಾಡಕ್ಕೆ ಹೋಗುತ್ತಾಳೆ ಎಂದು ಹೇಳಿದರು. ಕೇಳಲಿಲ್ಲ, ಹೇಳಿದರು. ಮಾವನವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು, ಅಷ್ಟೇ. ಹಾಸ್ಟೆಲಿನಲ್ಲಿ ಅಳು ಬಂದಾಗಲೆಲ್ಲ ನಾನು ‘ಇವತ್ತು ಸೋಮವಾರ’ ಎಂದುಕೊಂಡು ಕೂತಲ್ಲೇ ಕೂತಿರುತ್ತಿದ್ದೆ.

ದಸರಾ ಸೂಟಿಗೆ ಬಂದಾಗ ಪಡಸಾಲೆಯಲ್ಲಿ ಅತ್ತಿ ಎರಡೂ ಕಡೆಯ ಆಟವನ್ನು ಒಬ್ಬರೇ ಆಡುತ್ತಿದ್ದರು. ಅವರ ನೀಲಿ ತುಂಡುಗಳು ಕುಬಿಹಾಳ ದಾಟಿ ಬಹಳ ಮುಂದೆ ಹೋಗಿದ್ದವು. ಅವರು ಆ ದೇಶದಲ್ಲಿ ಕಾಲಿಟ್ಟದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಎಲ್ಲಿಗೆ ಹೊಂಟೀರಿ ಅತ್ತಿ?"

"ನಿನ್ನ ಧಾರವಾಡ ಇದರಾಗ ಎಲ್ಲಿ ಬರತೈತಿ, ತೋರಸು."

ನಾನು ಒಂದು ಕಡೆ ಬೆರಳಿಟ್ಟೆ. ಅಷ್ಟೇನು ದೂರವಿಲ್ಲ ಎಂದು ಅವರಿಗೆ ಅನಿಸಿತು. ಹಿಂಗಾರಿ ಜೋಳ ಮನೆಗೆ ಬಂದ ಮೇಲೆ ಬಸ್ಸು ಹತ್ತುತ್ತೇನೆ, ನಿನ್ನ ಹಾಸ್ಟೆಲು ನೋಡುತ್ತೇನೆ ಎಂದರು. ಜೋಳ ಇನ್ನೂ ಹೊಲದಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡರು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಹಲಗೆ ಈಗ ನನ್ನ ಹತ್ತಿರ ಇದೆ. ಮಕ್ಕಳ ಜೊತೆ ಆಡುವಾಗ ಎಲ್ಲ ಬದುಗಳನ್ನೂ ಕಾಯುತ್ತೇನೆ, ಕುಬಿಹಾಳದಲ್ಲಿ ಮಾತ್ರ ಕಾವಲು ಇಡಲು ಕೈ ಬರುವುದಿಲ್ಲ. ಅವರು ಪ್ರತಿ ಸಲ ಅಲ್ಲಿಂದಲೇ ನುಗ್ಗಿ ಗೆಲ್ಲುತ್ತಾರೆ, ಅವ್ವನಿಗೆ ಆಟ ತಿಳಿಯುವುದಿಲ್ಲವೆಂದು ನಗುತ್ತಾರೆ. ನಗಲಿ. ಆ ದಾರಿಯಿಂದ ನೀಲವ್ವತ್ತಿ ಬರುವವರಿದ್ದಾರೆ.