ಎಪ್ಪತ್ತು ದಾಟಿದ ಪಿಚರ್

“ರೀ, ಮೆಲ್ಲಗೆ ಹೊಡೀರಿ. ಪಾಪ, ವಯಸ್ಸಾಗಿದೆ ಅವ್ರಿಗೆ,” ಎಂದು ನನ್ನ ಹೆಂಡತಿ ಬೇಲಿಯಾಚೆಯಿಂದ ಕೂಗಿದಳು. ಅಮೆರಿಕದ ಸನ್ನಿವೇಲ್‌ನ ಪಾರ್ಕಿನಲ್ಲಿ ಭಾನುವಾರದ ಬೇಸ್‌ಬಾಲ್ ಪಂದ್ಯ ನಡೆದಿತ್ತು. ಎದುರು ತಂಡದ ಪರವಾಗಿ ನಮಗೆ ಚೆಂಡು ಎಸೆಯುತ್ತಿದ್ದ ಪಿಚರ್‌ಗೆ ಎಪ್ಪತ್ತು ದಾಟಿತ್ತು. ಒಂದು ಕಾಲದಲ್ಲಿ ಈ ಆಟವೇ ಅವರ ಹೊಟ್ಟೆಪಾಡು. ಸಂಬಳ ನಿಂತರೂ ಎಸೆಯುವುದನ್ನು ಅವರು ನಿಲ್ಲಿಸಿರಲಿಲ್ಲ. ಪಾಪವಂತೆ, ಪಾಪ! ಆ ಮಧ್ಯಾಹ್ನ ಆಗಲೇ ಎರಡು ಸಲ ನನ್ನನ್ನು ಔಟ್ ಮಾಡಿ ಬೆಂಚಿಗೆ ಕಳಿಸಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ಸಲ ಹಲ್ಲು ಕಚ್ಚಿ ಬೀಸಿದೆ. ಚೆಂಡು ನೇರವಾಗಿ ಅವರತ್ತಲೇ ಹೋಯಿತು. ಕ್ರಿಕೆಟ್ಟಿನಲ್ಲಾದರೆ ಅಂಥ ಹೊಡೆತಕ್ಕೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಅದು ಅವರ ತೊಡೆಗೆ ಬಡಿಯಿತು. ಅವರು ಕುಸಿದು ಕುಳಿತರು.

ಬೇಸ್‌ಬಾಲಿನಲ್ಲಿ ಹೊಡೆದವನು ಬಲಗಡೆಗೆ ಓಡಿ, ಚೆಂಡು ಬರುವ ಮುಂಚೆಯೇ ಮೊದಲನೆಯ ಬೇಸ್ ಮುಟ್ಟಬೇಕು; ಇಲ್ಲದಿದ್ದರೆ ಔಟ್. ನಾನು ಕ್ರಿಕೆಟ್ಟಿನವನಂತೆ ಬ್ಯಾಟನ್ನೂ ಬಿಡದೆ ನೆಟ್ಟಗೆ ಅವರ ಬಳಿಗೇ ಓಡಿದೆ. “ಅಯ್ಯೋ ದೇವ್ರೇ!” ಎಂದು ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು. ಬ್ಯಾಟು ಎಸೆದು, ಬಗ್ಗಿ ಎರಡೂ ಕೈ ಚಾಚಿದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಪಕ್ಕದ ಮಣ್ಣಿನಲ್ಲಿ ತಡವಿ, ಬಿದ್ದಿದ್ದ ಚೆಂಡನ್ನು ಹೆಕ್ಕಿ, ಕುಳಿತಲ್ಲಿಂದಲೇ ನನ್ನ ಕಂಕುಳಡಿಯಿಂದ ಮೊದಲನೆಯ ಬೇಸಿಗೆ ಎಸೆದರು. ಅಲ್ಲಿದ್ದವನು ಹಿಡಿದ. ನಾನು ಮತ್ತೆ ಔಟ್.

ಆಮೇಲಷ್ಟೇ ನನ್ನತ್ತ ಕೈ ಚಾಚಿದರು.

“ಈಗ ಎತ್ತು,” ಎಂದರು.