ಕೌದಿಯ ಇನ್ನೊಂದು ತುದಿ

ಪಕ್ಕದ ಮನೆಯ ಮೇಡಮ್ ಅವರ ಎಡಗೈ ಪೂರ್ತಿ ಚಾಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮುರಿದ ಮೊಣಕೈ ಸೊಟ್ಟಗೇ ಕೂಡಿಕೊಂಡಿತ್ತು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಕೊಪ್ಪಳದಲ್ಲಿ ನಮ್ಮಿಬ್ಬರ ಮಾಳಿಗೆಗಳ ನಡುವೆ ಸೊಂಟದೆತ್ತರದ ಗೋಡೆಯೊಂದೇ. ದಿನಾ ಸಂಜೆ ನಾಲ್ಕಕ್ಕೆ, ಹಳೆ ಸೀರೆ ಸೇರಿಸಿ ಹೊಲಿದ ಹೊದಿಕೆಯನ್ನು ಬಿಸಿಲಿನಿಂದ ತೆಗೆಯುತ್ತ, ಆಚೆಯಿಂದ ನನ್ನ ಹೆಂಡತಿಯನ್ನು ಕೂಗುತ್ತಿದ್ದರು: "ಅಕ್ಕಾರ, ಈ ಕೌದಿ ಒಬ್ಬಾಕಿಗೆ ಮಡಚಾಕ ಬರಂಗಿಲ್ಲ. ಒಂದು ತುದಿ ಹಿಡೀರಿ ಬರ್ರಿ."

ನಾನು ವ್ಯಾಯಾಮ ಶಿಕ್ಷಕನಾಗಿದ್ದವನು. ಐದಕ್ಕೆ ಏಳುವುದು, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಪೇಪರು. ಹೆಂಡತಿಗೆ ಅಲ್ಝೈಮರ್ಸ್ ಎಂದು ವೈದ್ಯರು ಹೇಳಿದ ಮೇಲೆ ಅವಳಿಗೂ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ತಪ್ಪಿದಾಗಲೆಲ್ಲ ಗದರಿದೆ.

ಆ ಬೇಸಿಗೆಯಲ್ಲಿ ಮೊಬೈಲಿಗೆ ಒಂದು ಸಂದೇಶ ಬಂತು. ಮೈಗೆ ಶಾಖ ತಾಗಿದರೆ ಹೀಟ್ ಶಾಕ್ ಪ್ರೋಟೀನುಗಳು ಹೆಚ್ಚುತ್ತವೆ, ಮಿದುಳಿನ ಕಸ ತೆಗೆಯುತ್ತವೆ, ಮರೆವು ಹೋಗುತ್ತದೆ ಎಂದಿತ್ತು. ಪಟ್ಟಿಗೆ ಹೊಸ ಸಾಲು ಸೇರಿಸಿದೆ: ಮಧ್ಯಾಹ್ನ ಹನ್ನೆರಡರಿಂದ ಅರ್ಧ ಗಂಟೆ ಬಿಸಿಲು. ಅವಳನ್ನು ಮಾಳಿಗೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಗಡಿಯಾರ ನೋಡುತ್ತ ನಾನು ನೆರಳಿಗೆ ನಿಂತೆ. ಬೇಡವೆನ್ನುವುದೂ ಅವಳಿಗೆ ಮರೆತಿತ್ತು.

ಮೂರನೆಯ ದಿನ, ಸಂಡಿಗೆ ತಿರುವಿ ಹಾಕಲು ಬಂದ ಮೇಡಮ್ ಇದನ್ನು ಕಂಡರು. ಆ ವಯಸ್ಸಿನಲ್ಲಿ ಗೋಡೆ ಹತ್ತಿ ಇಳಿದರು.

"ಸಂಡಿಗಿ ಒಣಗಸೋ ಬಿಸಲಾಗ ಹೆಂಡ್ತಿನ್ನ ಕುಂದ್ರಿಸೀರಲ್ರಿ ಸರ! ಮೈ ಹೆಂಗ ಕಾದೈತಿ ನೋಡ್ರಿ!"

ಅವಳ ನಾಲಿಗೆ ತೊದಲುತ್ತಿತ್ತು. ಒದ್ದೆ ಬಟ್ಟೆ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಸಲೈನ್ ಏರಿಸಿದರು. ಸಂಜೆ ಡಾಕ್ಟರು, "ಏನೂ ಆಗಿಲ್ರಿ, ಹೊತ್ತಿಗೆ ಸರಿಯಾಗಿ ಬಂದೀರಿ" ಎಂದಾಗ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ.

ಮೇಡಮ್ ಪಕ್ಕದಲ್ಲಿ ಕುಳಿತು ಪಾಠದ ದನಿಯಲ್ಲಿ ಹೇಳಿದರು: "ಸಂದೇಶ ಪೂರಾ ಸುಳ್ಳಲ್ರಿ, ಅದಕ್ಕ ಅಪಾಯ ಭಾಳ. ಪ್ರೋಟೀನ್ ಅಂದ್ರ ಕೌದಿ ಇದ್ದಂಗ. ಸರಿಯಾಗಿ ಮಡಚಿದ್ರ ಕೆಲಸಕ್ಕ ಬರತೈತಿ. ಸೊಟ್ಟ ಮಡಚಿದ್ವು ಒಂದಕ್ಕೊಂದು ಅಂಟಿ ಗಂಟಾಗತಾವ. ಅಕ್ಕಾರ ಮಿದುಳಿನ್ಯಾಗ ಅದ ಆಗೈತಿ. ಈ ಹೀಟ್ ಶಾಕ್ ಪ್ರೋಟೀನು ಇನ್ನೊಂದು ತುದಿ ಹಿಡಿಯೋ ಕೈ. ಸೊಟ್ಟಾದದ್ದನ್ನ ಬಿಚ್ಚಿ ಮಡಚತಾವ, ಆಗದಿದ್ರ ಹೊರಗ ಹಾಕಸ್ತಾವ. ವಯಸ್ಸಾದಂಗ ಆ ಕೈ ಸಾಲಂಗಿಲ್ಲ. ಬಿಸಿ ತಾಗಿದ ಜೀವಕೋಶದಾಗ ಮೊದಲ ಕಂಡ್ವು, ಅದಕ್ಕ ಆ ಹೆಸರು. ಅವನ್ನ ಹೆಚ್ಚಸೋ ಔಷಧ ಇನ್ನೂ ಹುಡುಕಾಕತ್ಯಾರ. ಬಿಸಲು ಔಷಧ ಅಲ್ರಿ."

ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ: "ನಾ ಬೈದದ್ದಕ್ಕ ಆಕಿಗೆ ಹಿಂಗಾತೇನ್ರಿ?"

"ಬೈದ್ರ ಪ್ರೋಟೀನ್ ಸೊಟ್ಟ ಆಗಂಗಿಲ್ರಿ." ಅವರು ನಕ್ಕರು. "ನೆಟ್ಟಗೂ ಆಗಂಗಿಲ್ಲ."

ಮನೆಗೆ ಬಂದವನೇ ವೇಳಾಪಟ್ಟಿ ಹರಿದೆ. ಹಗುರಾಗಿ ಉಸಿರಾಡಿದೆ. ನಾಲ್ಕು ಗಂಟೆಯ ಕೌದಿ ಮಾತ್ರ ಉಳಿಯಿತು. ಅದು ಪಟ್ಟಿಯಲ್ಲಿ ಇರಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ಮೇಡಮ್ ತೀರಿಕೊಂಡರು. ಅವರ ಮಗಳು ಆ ಕೌದಿಯನ್ನು ನಮಗೆ ಕೊಟ್ಟು ಹೋದಳು. ಮರುದಿನ ನಾಲ್ಕಕ್ಕೆ ನನ್ನ ಹೆಂಡತಿ ಅದರ ಒಂದು ತುದಿ ಹಿಡಿದು, ಗೋಡೆಯತ್ತ ನೋಡುತ್ತ ನಿಂತಿದ್ದಳು. ನಾನು ಇನ್ನೊಂದು ತುದಿ ಹಿಡಿದೆ.

"ಯಾರ್ರಿ ನೀವು?" ಎಂದಳು.

"ಕೌದಿ ಮಡಚಾಕ ಬಂದೀನ್ರಿ."

"ಛಲೋ ಆತು. ಗಟ್ಟಿ ಹಿಡೀರಿ."

ಅಂಚು ಕೂಡಲಿಲ್ಲ. ಬಿಚ್ಚಿ ಮತ್ತೆ ಮಡಚಿದೆವು.